ನಲವತ್ತಾರರಲ್ಲೊಂದು ಮುಖ, ಎಪ್ಪತ್ತೆರಡರಲ್ಲೊಂದು ಮುಖ: ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಮತ್ತು ಅದು ಶುರುವಾಗುವ ವಯಸ್ಸು

ಡಿಮೆನ್ಷಿಯಾ ಇರುವವರ ಮನೆಯವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಸ್ಕ್ಯಾನ್ ಚಿತ್ರಗಳು ಇಲ್ಲಿ ಇಲ್ಲವಾದ್ದರಿಂದ ಅವು ಹೇಳುತ್ತಿದ್ದುದನ್ನು ಮಾತಿನಲ್ಲೇ ತುಂಬಿಸಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಅಂದು ಸಮಯವಿಲ್ಲದೆ ಮೊಟಕಾಗಿ ಹೇಳಿದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

1892ರಲ್ಲಿ ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಆ ಮನುಷ್ಯನ ಮಾತು ಕ್ರಮೇಣ ಕುಸಿಯುತ್ತ ಬಂದಿತ್ತು. ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಎಡ ಕಣತಲೆಯ ಒಳಗಿರುವ ಭಾಗ ಉಳಿದೆಲ್ಲಕ್ಕಿಂತ ಹೆಚ್ಚಾಗಿ ಸೊರಗಿಹೋಗಿತ್ತು. ಇಂದು ನಾವು ಫ್ರಂಟೋಟೆಂಪೊರಲ್ ಡಿಮೆನ್ಷಿಯಾ, ಚಿಕ್ಕದಾಗಿ ಎಫ್‌ಟಿಡಿ, ಎಂದು ಕರೆಯುವ ಕಾಯಿಲೆಯ ಚರಿತ್ರೆ ಸಾಮಾನ್ಯವಾಗಿ ಈ ರೋಗಿಯಿಂದಲೇ ಆರಂಭವಾಗುತ್ತದೆ. ಆದರೆ ಆ ಚರಿತ್ರೆಯನ್ನು ಹೇಳುವವರು ಒಂದು ಅಂಶವನ್ನು ಅವಸರದಲ್ಲಿ ದಾಟಿಹೋಗುತ್ತಾರೆ: ಆ ರೋಗಿಗೆ 71 ವರ್ಷ ವಯಸ್ಸಾಗಿತ್ತು.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಎಪ್ಪತ್ತು ದಾಟಿದ ಒಬ್ಬ ಮುದುಕನಲ್ಲಿ. ಹೀಗಿದ್ದರೂ ಮುಂದಿನ ನೂರು ವರ್ಷ ವೈದ್ಯಶಾಸ್ತ್ರ ಇದನ್ನು ಮುಪ್ಪಿಗೆ ಮುಂಚೆ ಬರುವ ಡಿಮೆನ್ಷಿಯಾಗಳ ಸಾಲಿನಲ್ಲಿ ಕೂರಿಸಿತು. 1998ರಲ್ಲಿ ರೂಪಿಸಿದ ರೋಗನಿರ್ಣಯದ ಮಾನದಂಡಗಳಲ್ಲಿಯೂ 65 ವರ್ಷಕ್ಕೆ ಮೊದಲು ಆರಂಭವಾಗಿದ್ದರೆ ಅದು ಈ ಕಾಯಿಲೆಯ ಪರವಾದ ಸುಳಿವು ಎಂಬ ಮಾತಿತ್ತು. 2011ರಲ್ಲಿ ಬಂದ, ಈಗ ನಾವು ಬಳಸುತ್ತಿರುವ ಮಾನದಂಡಗಳಲ್ಲಿ ವಯಸ್ಸಿನ ಪ್ರಸ್ತಾಪ ಇಲ್ಲ. ಪುಸ್ತಕದಿಂದ ಒಂದು ಸಾಲನ್ನು ತೆಗೆದುಹಾಕುವುದು ಸುಲಭ. ವೈದ್ಯರ ಮನಸ್ಸಿನಿಂದ ತೆಗೆಯುವುದಕ್ಕೆ ಇನ್ನೂ ಕಾಲ ಹಿಡಿಯುತ್ತಿದೆ.

ಮೊದಲು ಕಾಯಿಲೆಯ ಪರಿಚಯವನ್ನು ಚುಟುಕಾಗಿ ಮಾಡಿಕೊಡುತ್ತೇನೆ. ಹಣೆಯ ಹಿಂದಿನ ಹಾಲೆ ಮತ್ತು ಕಣತಲೆಯ ಒಳಗಿನ ಹಾಲೆ, ಇವೆರಡರ ನರಕೋಶಗಳು ಸಾಯುತ್ತ ಹೋಗುವ ಹಲವು ಕಾಯಿಲೆಗಳಿಗೆ ಒಟ್ಟಾಗಿ ಇಟ್ಟ ಹೆಸರು ಎಫ್‌ಟಿಡಿ. ಇದು ಮುಖ್ಯವಾಗಿ ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದರಲ್ಲಿ ನಡವಳಿಕೆಯೇ ಕೆಡುತ್ತದೆ. ಇನ್ನೊಂದರಲ್ಲಿ ಪದಗಳ ಅರ್ಥ ಕಳಚಿಹೋಗುತ್ತದೆ. ‘ಸೌಟು’ ಎಂದರೆ ಏನು ಎಂದು ಅಡುಗೆಯಲ್ಲಿ ನುರಿತ ಹೆಂಗಸೇ ಕೇಳುತ್ತಾರೆ. ಮೂರನೆಯದರಲ್ಲಿ ಅರ್ಥ ಉಳಿದಿರುತ್ತದೆ, ಆದರೆ ಮಾತು ತಡವರಿಸುತ್ತದೆ, ವ್ಯಾಕರಣ ಒಡೆಯುತ್ತದೆ. ಕೆಲವರಲ್ಲಿ ಇದರ ಜೊತೆಗೆ ಕೈಕಾಲಿನ ಸ್ನಾಯುಗಳನ್ನು ಸೊರಗಿಸುವ ಮೋಟಾರ್ ನ್ಯೂರಾನ್ ಕಾಯಿಲೆಯೂ ಸೇರಿಕೊಳ್ಳುತ್ತದೆ. ಈ ಬಗೆಗಳಿಗೂ ಒಂದಿಷ್ಟು ವಯೋಭೇದವಿದೆ: ಅಮೆರಿಕ ಮತ್ತು ಜರ್ಮನಿಯ ಕೇಂದ್ರಗಳ 353 ರೋಗಿಗಳನ್ನು ಕುರಿತು 2005ರಲ್ಲಿ ಬಂದ ವರದಿಯಲ್ಲಿ ನಡವಳಿಕೆಯ ಬಗೆ ಸರಾಸರಿ 57-58ಕ್ಕೆ, ಅರ್ಥ ಕಳಚುವ ಬಗೆ 59ಕ್ಕೆ, ಮಾತು ತಡವರಿಸುವ ಬಗೆ 63ಕ್ಕೆ ಆರಂಭವಾಗಿತ್ತು.

ಈ 65 ಎಂಬ ಗಡಿ ಎಲ್ಲಿಂದ ಬಂತು? ಮೆದುಳಿನೊಳಗೆ ಅಂಥ ಗೆರೆ ಯಾವುದೂ ಇಲ್ಲ. ಅದು ಪಶ್ಚಿಮದ ದೇಶಗಳ ಪಿಂಚಣಿಯ ಲೆಕ್ಕದಿಂದ ಬಂದ ಗೆರೆ. ನಮ್ಮ ರಾಜ್ಯ ಸರ್ಕಾರದ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಈ ಕಾಯಿಲೆಯ ಪುಸ್ತಕಗಳನ್ನು ಇಲ್ಲಿಯೇ ಬರೆದಿದ್ದರೆ ಗಡಿ 60 ಆಗುತ್ತಿತ್ತೋ ಏನೋ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಏಕೆಂದರೆ ಎಲ್ಲಿ ಗೆರೆ ಎಳೆಯುತ್ತೇವೆಯೋ ಅಲ್ಲಿಗೇ ನಮ್ಮ ಹುಡುಕಾಟವೂ ನಿಂತುಬಿಡುತ್ತದೆ.

ಇದಕ್ಕೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್ ಒಳ್ಳೆಯ ನಿದರ್ಶನ. ಅಲ್ಲಿ ಎಫ್‌ಟಿಡಿ ಇರುವವರ ಲೆಕ್ಕ ಹಿಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕಿ ನಮ್ಮ ಬೆಂಗಳೂರಿನ ನರರೋಗತಜ್ಞೆ ಡಾ. ರತ್ನಾವಳಿ ಎಲ್ಲಾಜೋಸ್ಯುಲ. 45ರಿಂದ 64 ವರ್ಷದವರಲ್ಲಿ ಲಕ್ಷಕ್ಕೆ 15 ಮಂದಿಗೆ ಈ ಕಾಯಿಲೆ ಇದೆ ಎಂದು ಆ ಅಧ್ಯಯನ ತೋರಿಸಿತು. ಅದುವರೆಗೆ ಅಪರೂಪವೆಂದುಕೊಂಡಿದ್ದ ಕಾಯಿಲೆ, ನಡುವಯಸ್ಸಿನವರಲ್ಲಿ ಅಲ್ಜೈಮರ್ ಕಾಯಿಲೆಯಷ್ಟೇ ಸಾಮಾನ್ಯ ಎಂಬುದು ಆಗ ದೊಡ್ಡ ಸುದ್ದಿಯಾಗಿತ್ತು. ಆದರೆ ಆ ಲೆಕ್ಕವನ್ನು ಬೇಕೆಂದೇ 65ರೊಳಗಿನವರಿಗೆ ಸೀಮಿತಗೊಳಿಸಲಾಗಿತ್ತು. ಹದಿನಾಲ್ಕು ವರ್ಷದ ನಂತರ, 2016ರಲ್ಲಿ, ಅದೇ ಕೇಂಬ್ರಿಡ್ಜ್‌ಶೈರ್ ಮತ್ತು ಪಕ್ಕದ ನಾರ್‌ಫೋಕ್ ಸೇರಿಸಿ, ಈ ಸಲ ವಯಸ್ಸಿನ ಮಿತಿಯನ್ನು ತೆಗೆದುಹಾಕಿ, ಹತ್ತಿರದ ಸಂಬಂಧಿ ಕಾಯಿಲೆಗಳನ್ನೂ ಒಳಗೊಂಡ ಇನ್ನೊಂದು ಲೆಕ್ಕ ಬಂತು. ಕಾಯಿಲೆ ಅತಿ ಹೆಚ್ಚಾಗಿ ಕಂಡದ್ದು 65ರಿಂದ 69 ವರ್ಷದವರಲ್ಲಿ, ಲಕ್ಷಕ್ಕೆ ಸುಮಾರು 43 ಮಂದಿಯಲ್ಲಿ. ಯೂರೋಪಿನ ಒಂಬತ್ತು ದೇಶಗಳನ್ನು ಒಳಗೊಂಡು 2023ರಲ್ಲಿ ಬಂದ ಅಧ್ಯಯನದಲ್ಲಿ ಹೊಸದಾಗಿ ಕಾಯಿಲೆ ಗೊತ್ತಾಗುವವರ ಪ್ರಮಾಣ ವಯಸ್ಸಿನೊಂದಿಗೆ ಏರುತ್ತ ಹೋಗಿ 71ನೆಯ ವಯಸ್ಸಿನಲ್ಲಿ ತುದಿ ಮುಟ್ಟಿತು. ಆರ್ನಾಲ್ಡ್ ಪಿಕ್ ಅವರ ರೋಗಿಯ ವಯಸ್ಸೂ ಅಷ್ಟೇ ಎಂಬುದು ಕಾಕತಾಳೀಯವೇ ಸರಿ, ಆದರೂ ನನಗೆ ಆ ಅಂಕಿ ಕಂಡಾಗ ಒಂದು ಕ್ಷಣ ನಗು ಬಂದಿತ್ತು.

ಈಗ ಎರಡು ಚಿತ್ರಗಳನ್ನು ನಿಮ್ಮ ಮುಂದಿಡುತ್ತೇನೆ. ಇವರು ಯಾವ ಒಬ್ಬ ರೋಗಿಯೂ ಅಲ್ಲ. ಹಲವರಲ್ಲಿ ಕಂಡ ಲಕ್ಷಣಗಳನ್ನು ಕೂಡಿಸಿ ಮಾಡಿದ ಮಾದರಿಗಳು.

ಮೊದಲನೆಯವರು 46 ವರ್ಷದ ಬ್ಯಾಂಕ್ ಅಧಿಕಾರಿ. ಗ್ರಾಹಕರ ಖಾತೆ ಸಂಖ್ಯೆಯೂ ಬಾಯಿಪಾಠ ಇರುವಷ್ಟು ಗಟ್ಟಿ ನೆನಪಿನವರು. ಎರಡು ವರ್ಷದಿಂದ ಅವರು ಹೆಂಡತಿಗೆ ಅಪರಿಚಿತರಾಗುತ್ತಿದ್ದಾರೆ. ಸಾವಿನ ಮನೆಯಲ್ಲಿ ನಗೆಚಾಟಿಕೆ ಹಾರಿಸುತ್ತಾರೆ, ಗುರುತಿಲ್ಲದವರಿಗೆ ಸಾಲ ಕೊಡುತ್ತಾರೆ, ಅಂಗಡಿಯಲ್ಲಿ ಹಣ ಕೊಡದೆಯೇ ಚಾಕೊಲೇಟು ಜೇಬಿಗೆ ಹಾಕಿಕೊಳ್ಳುತ್ತಾರೆ, ದಿನಕ್ಕೆ ಒಂದು ಡಬ್ಬಿ ಸಿಹಿತಿಂಡಿ ಖಾಲಿ ಮಾಡುತ್ತಾರೆ. ಮಗ ಆಸ್ಪತ್ರೆ ಸೇರಿದ ದಿನ ಕ್ರಿಕೆಟ್ ನೋಡುತ್ತ ಕುಳಿತಿದ್ದರು. ಮನೆಯವರು ಮೊದಲು ಹೋದದ್ದು ಹಿರಿಯರ ಬಳಿಗೆ, ಆಮೇಲೆ ದೇವಸ್ಥಾನಕ್ಕೆ, ಆಮೇಲೆ ವಕೀಲರ ಬಳಿಗೆ. ಮನೋವೈದ್ಯರು ಉನ್ಮಾದದ ಕಾಯಿಲೆಯೆಂದು ಮಾತ್ರೆ ಕೊಟ್ಟರು. ಡಿಮೆನ್ಷಿಯಾ ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ, ಏಕೆಂದರೆ ಆ ಪದ ಕೇಳಿದೊಡನೆ ನಮ್ಮ ಕಣ್ಣಿಗೆ ಬರುವುದು ನರೆತ ತಲೆ ಮತ್ತು ಮರೆವು. ಇವರಲ್ಲಿ ಅವೆರಡೂ ಇರಲಿಲ್ಲ.

ಎರಡನೆಯವರು 72 ವರ್ಷದ ನಿವೃತ್ತ ಮೇಷ್ಟ್ರು. ಕುರ್ಚಿ ಬಿಟ್ಟು ಏಳುವುದಿಲ್ಲ, ಸ್ನಾನಕ್ಕೆ ಹೇಳಿಹೇಳಿ ಕಳಿಸಬೇಕು, ಪತ್ರಿಕೆ ಓದುವುದನ್ನು ಬಿಟ್ಟಿದ್ದಾರೆ, ನಿನ್ನೆ ಮನೆಗೆ ಬಂದುಹೋದ ನಂಟರನ್ನು ಮರೆಯುತ್ತಾರೆ. ಸೊಸೆಯ ಬಗ್ಗೆ ಹಿಂದೆಂದೂ ಆಡದ ಒರಟು ಮಾತು ಆಡುತ್ತಾರೆ, ಮೊಮ್ಮಗನ ತಟ್ಟೆಯಿಂದ ಕೈ ಹಾಕಿ ತಿನ್ನುತ್ತಾರೆ. ಮನೆಯವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಅರವತ್ತಕ್ಕೆ ಅರಳುಮರಳು. ವೈದ್ಯರ ಬಳಿಯೂ ಸಿದ್ಧ ಉತ್ತರವಿದೆ: ಅಲ್ಜೈಮರ್. ಇಬ್ಬರಿಗೂ ಹುಡುಕುವ ಅಗತ್ಯವೇ ಕಾಣುವುದಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಈ ಎರಡು ಚಿತ್ರಗಳ ನಡುವೆ ಇದೆ. ಶುರುವಾದ ವಯಸ್ಸು ಲಕ್ಷಣಗಳನ್ನು ಬದಲಿಸುತ್ತದೆ ಎಂಬುದು ನಿಜ. ಆದರೆ ಅದಕ್ಕೂ ಮೊದಲು, ಅದೇ ಲಕ್ಷಣಕ್ಕೆ ನಾವು ಕೊಡುವ ಹೆಸರನ್ನೇ ವಯಸ್ಸು ಬದಲಿಸಿಬಿಡುತ್ತದೆ. 46ರಲ್ಲಿ ನಿರ್ಲಿಪ್ತತೆ ಎಂದರೆ ಹೆಂಡತಿ ಮಕ್ಕಳ ಮೇಲೆ ಪ್ರೀತಿ ಇಲ್ಲದ್ದು. 72ರಲ್ಲಿ ಅದೇ ನಿರ್ಲಿಪ್ತತೆ ವಾನಪ್ರಸ್ಥ. ಕೆಲಸದ ಜಾಗವೂ ಒಂದು ಪರೀಕ್ಷೆಯೇ: ಅಲ್ಲಿ ತಪ್ಪು ಮಾಡಿದರೆ ನೋಟಿಸು ಬರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ನಿವೃತ್ತರಾದವರಿಗೆ ಅಂಥ ಪರೀಕ್ಷೆ ಇಟ್ಟು ನೋಡುವವರು ಯಾರು? ಹಾಗೆಂದು ಕಿರಿಯರಲ್ಲಿ ಕಾಯಿಲೆ ಬೇಗ ಗೊತ್ತಾಗುತ್ತದೆ ಎಂದು ಭಾವಿಸಬೇಡಿ. ಎಲ್ಲ ಬಗೆಯ ಡಿಮೆನ್ಷಿಯಾಗಳನ್ನು ಸೇರಿಸಿ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ, 65ರೊಳಗೆ ಶುರುವಾದವರಿಗೆ ರೋಗನಿರ್ಣಯವಾಗಲು ಸರಾಸರಿ 4.4 ವರ್ಷ ಹಿಡಿದಿತ್ತು. ನಂತರ ಶುರುವಾದವರಿಗೆ 2.8 ವರ್ಷ. ಕಿರಿಯರಲ್ಲಿ ತಪ್ಪು ಬೇಗ ಕಾಣುತ್ತದೆ, ಸರಿಯಾದ ಹೆಸರು ತಡವಾಗಿ ಸಿಗುತ್ತದೆ. ಹಿರಿಯರಲ್ಲಿ ಹೆಸರೇನೋ ಬೇಗ ಸಿಗುತ್ತದೆ, ಆದರೆ ಅದು ಎಷ್ಟೋ ಸಲ ತಪ್ಪು ಹೆಸರಾಗಿರುತ್ತದೆ.

ತಪ್ಪು ಹೆಸರಿಗೆ ಬೆಲೆಯೂ ಇದೆ. ಅಲ್ಜೈಮರ್‌ಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆಗಳು ಎಫ್‌ಟಿಡಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೆಲವರಲ್ಲಿ ಚಡಪಡಿಕೆಯನ್ನು, ಕಡಿವಾಣವಿಲ್ಲದ ವರ್ತನೆಯನ್ನು ಅವು ಇನ್ನಷ್ಟು ಹೆಚ್ಚಿಸುತ್ತವೆ. ಆದ್ದರಿಂದ ಮೇಷ್ಟ್ರ ವಯಸ್ಸು 72 ಎಂಬ ಒಂದೇ ಕಾರಣಕ್ಕೆ ಅವರ ಒರಟು ಮಾತನ್ನು ಬದಿಗಿಟ್ಟು ಮರೆವನ್ನು ಮಾತ್ರ ಎಣಿಸುವುದು ಸಣ್ಣ ತಪ್ಪಲ್ಲ. ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ಅವರಿಗೆ ಮಾತಿನ ತೊಂದರೆ ಇದೆಯೆಂದು 2022ರಲ್ಲಿಯೂ ಅದು ಎಫ್‌ಟಿಡಿ ಎಂದು 2023ರ ಫೆಬ್ರುವರಿಯಲ್ಲಿಯೂ ಕುಟುಂಬದವರು ತಿಳಿಸಿದಾಗ ಅವರಿಗೆ 67 ವರ್ಷ. ಅಂದಿನಿಂದ ನನ್ನ ಬಳಿ ಬರುವ ಮನೆಯವರು ಈ ಹೆಸರನ್ನು ತಾವಾಗಿಯೇ ಹೇಳುವುದು ಹೆಚ್ಚಾಗಿದೆ. ಹತ್ತು ವರ್ಷದ ಭಾಷಣಗಳಿಂದ ಆಗದ್ದು ಒಂದು ಪ್ರಕಟಣೆಯಿಂದ ಆಯಿತು.

ಇನ್ನು ಮೆದುಳಿನೊಳಗೆ ನಿಜವಾಗಿ ಏನು ಬೇರೆಯಾಗಿರುತ್ತದೆ ಎಂಬುದಕ್ಕೆ ಬರೋಣ. ಎಫ್‌ಟಿಡಿಯಲ್ಲಿ ನರಕೋಶದೊಳಗೆ ಗಂಟುಕಟ್ಟುವ ಪ್ರೊಟೀನುಗಳು ಮುಖ್ಯವಾಗಿ ಮೂರು: ಟೌ, ಟಿಡಿಪಿ-43, ಎಫ್‌ಯುಎಸ್. ಮೊದಲೆರಡು ಸೇರಿದರೆ ಹೆಚ್ಚುಕಡಿಮೆ ಎಲ್ಲ ರೋಗಿಗಳೂ ಬಂದಂತೆ, ಮೂರನೆಯದು ಅಪರೂಪ. ಆದರೆ ವಯಸ್ಸಿನ ತೀರಾ ಕೆಳಗಿನ ತುದಿಗೆ ಹೋದಾಗ ಈ ಅಪರೂಪದ ಎಫ್‌ಯುಎಸ್ ಮೇಲೆ ಬರುತ್ತದೆ. ನಲವತ್ತರ ಆಸುಪಾಸಿನಲ್ಲಿ, ಕೆಲವರಲ್ಲಿ ಮೂವತ್ತರ ಹರೆಯದಲ್ಲೇ, ಮನೆತನದಲ್ಲಿ ಯಾರಿಗೂ ಇಲ್ಲದೆ ಇದು ಶುರುವಾಗುತ್ತದೆ. ಸ್ಕ್ಯಾನ್‌ನಲ್ಲಿ ಹಣೆಯ ಹಿಂದಿನ ಹಾಲೆಯ ಜೊತೆಗೆ ಆಳದಲ್ಲಿರುವ ಕಾಡೇಟ್ ಎಂಬ ಭಾಗವೂ ಎದ್ದುಕಾಣುವಂತೆ ಕುಗ್ಗಿರುತ್ತದೆ. ನಡವಳಿಕೆಯ ಕೆಡುಕು ತೀವ್ರ: ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು, ಲೈಂಗಿಕ ಲಜ್ಜೆ ಹೋಗುವುದು, ತಿನ್ನಬಾರದ್ದನ್ನು ಬಾಯಿಗೆ ಹಾಕುವುದು. ಇಂಥವರಿಗೆ ಮೊದಲು ಬೀಳುವ ಹಣೆಪಟ್ಟಿ ಸ್ಕಿಜೋಫ್ರೇನಿಯಾ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಐವತ್ತರ ಹತ್ತಿರ ಶುರುವಾಗುವವರಲ್ಲಿ ನೆನಪಿಡಬೇಕಾದದ್ದು ಟೌ ಪ್ರೊಟೀನನ್ನು ತಯಾರಿಸುವ ಎಂಎಪಿಟಿ ಜೀನಿನ ದೋಷ. ಇದು 1998ರಲ್ಲಿ ಪತ್ತೆಯಾಯಿತು. ಪ್ರೊಗ್ರಾನ್ಯುಲಿನ್ ಎಂಬ ಪ್ರೊಟೀನಿನ ಜಿಆರ್‌ಎನ್ ಜೀನು 2006ರಲ್ಲಿ, ಸಿ9ಓಆರ್‌ಎಫ್72 ಎಂಬ ಮೂರನೆಯ ಜೀನು 2011ರಲ್ಲಿ ಗೊತ್ತಾದವು. ಮೂರೂ ಎಫ್‌ಟಿಡಿಯನ್ನೇ ತರುತ್ತವೆ, ಆದರೆ ಒಂದೇ ಎಫ್‌ಟಿಡಿಯನ್ನು ತರುವುದಿಲ್ಲ. ಎಂಎಪಿಟಿಯವರಲ್ಲಿ ಲಗಾಮಿಲ್ಲದ ವರ್ತನೆ ಮುಂದೆ, ಅದರ ಹಿಂದೆಯೇ ಪದಗಳ ಅರ್ಥದ ಸವೆತ, ಪಾರ್ಕಿನ್‌ಸನ್ ಹೋಲುವ ಬಿಗಿತ. ಜಿಆರ್‌ಎನ್‌ನವರಲ್ಲಿ ಮೆದುಳಿನ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಕುಗ್ಗುತ್ತದೆ. ನಿರ್ಲಿಪ್ತತೆ ಮತ್ತು ಮಾತಿನ ತೊಡಕು ಮುಂದಾಗಿರುತ್ತವೆ. ಸಿ9ಓಆರ್‌ಎಫ್72 ಇರುವವರಲ್ಲಿ ಭ್ರಮೆ ಮತ್ತು ಸಂಶಯಗಳು, ಅಥವಾ ಮೋಟಾರ್ ನ್ಯೂರಾನ್ ಕಾಯಿಲೆ ಕಾಣಿಸಿಕೊಳ್ಳುತ್ತವೆ. ಹೀಗಾಗಿ ‘ಕಿರಿಯರಲ್ಲಿ ಹೀಗೆ, ಹಿರಿಯರಲ್ಲಿ ಹಾಗೆ’ ಎಂದು ನಾವು ಪಟ್ಟಿ ಮಾಡುವ ವ್ಯತ್ಯಾಸಗಳಲ್ಲಿ ಒಂದು ಪಾಲು ವಯಸ್ಸಿನದ್ದೇ ಅಲ್ಲ. ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಹೆಚ್ಚಾಗಿ ಬಂದು ಸೇರುತ್ತದೆ ಎಂಬುದರದ್ದು.

ಹಿರಿಯರಲ್ಲಿ ಇನ್ನೊಂದು ತೊಡಕಿದೆ. 65ರ ನಂತರ ಶುರುವಾಗಿ, ಮರಣಾನಂತರದ ಪರೀಕ್ಷೆಯಲ್ಲಿ ಎಫ್‌ಟಿಡಿ ಎಂದು ದೃಢಪಟ್ಟವರ ಮೆದುಳುಗಳನ್ನು ಇಂಗ್ಲೆಂಡಿನ ಸಂಶೋಧಕರು ಕಿರಿಯರ ಮೆದುಳುಗಳೊಂದಿಗೆ ಹೋಲಿಸಿ 2011 ಮತ್ತು 2012ರಲ್ಲಿ ಬರೆದಿದ್ದಾರೆ. ಹಿರಿಯರಲ್ಲಿ ಹಾಲೆಗಳು ಕುಗ್ಗಿರುವ ಪ್ರಮಾಣ ಕಡಿಮೆ ಇತ್ತು. ಅದರ ಬದಲು, ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ನರಕೋಶಗಳು ಸತ್ತು ಗಟ್ಟಿಕಟ್ಟಿರುವುದು ಹೆಚ್ಚಾಗಿ ಕಂಡಿತು. ಬದುಕಿದ್ದಾಗ ಇವರಲ್ಲಿ ಮರೆವು ಎದ್ದುಕಾಣುವಷ್ಟಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಮೇಷ್ಟ್ರ ಕಥೆ ಅರ್ಥವಾಗುತ್ತದೆ: ಅವರ ಮರೆವು ಅಲ್ಜೈಮರ್‌ನದ್ದಾಗಿರಬೇಕೆಂದಿಲ್ಲ, ಎಫ್‌ಟಿಡಿಯೇ ಹಿಪ್ಪೊಕ್ಯಾಂಪಸ್‌ಗೆ ಇಳಿದು ತಂದ ಮರೆವೂ ಆಗಿರಬಹುದು. ಸ್ಕ್ಯಾನ್ ನೋಡಿದವರು ‘ವಯಸ್ಸಿಗೆ ತಕ್ಕ ಕುಗ್ಗುವಿಕೆ’ ಎಂದು ಬರೆದರೆ ಅವರನ್ನು ದೂರುವಂತಿಲ್ಲ. ಅಲ್ಲಿ ಕತ್ತಿಯ ಅಲಗಿನಂತೆ ತೆಳುವಾದ ಹಾಲೆಗಳು ಕಾಣುವುದಿಲ್ಲ. ಸಾಲದ್ದಕ್ಕೆ ಎಂಬತ್ತರ ನಂತರ ಇದೇ ಟಿಡಿಪಿ-43 ಪ್ರೊಟೀನು ನೆನಪಿನ ಭಾಗಗಳಲ್ಲಿ ಗಂಟುಕಟ್ಟಿ ಅಲ್ಜೈಮರ್‌ನಂತೆಯೇ ತೋರುವ ಬೇರೊಂದು ಕಾಯಿಲೆಯೂ ಇದೆ. ಅದಕ್ಕೆ ಒಂದು ಹೆಸರು ಕೊಟ್ಟು ವಿವರಿಸಿದ್ದು 2019ರಲ್ಲಷ್ಟೆ. ಎಪ್ಪತ್ತೈದು ದಾಟಿದ ಮೆದುಳಿನಲ್ಲಿ ಒಂದೇ ಕಾಯಿಲೆ ಒಂಟಿಯಾಗಿ ಸಿಗುವುದೇ ಕಡಿಮೆ.

ಇಲ್ಲಿ ನಿಲ್ಲಿಸಿ, ನೀವೆಲ್ಲ ಕೇಳಲು ಹಿಂಜರಿಯುವ ಪ್ರಶ್ನೆಗೆ ಬರುತ್ತೇನೆ. ಎಷ್ಟು ವರ್ಷ?

ಈ ಪ್ರಶ್ನೆಗೆ ವಯಸ್ಸನ್ನು ನೋಡಿ ಉತ್ತರ ಹೇಳುವವರನ್ನು ನಂಬಬೇಡಿ. ಮೊದಲು ನೋಡಬೇಕಾದದ್ದು ಕಾಯಿಲೆಯ ಬಗೆಯನ್ನು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಮಾಡಿದ ವಿಶ್ಲೇಷಣೆಯಂತೆ, ಮೋಟಾರ್ ನ್ಯೂರಾನ್ ಕಾಯಿಲೆ ಸೇರಿಕೊಂಡವರು ಲಕ್ಷಣ ಶುರುವಾದ ಮೇಲೆ ಬದುಕುವುದು ಸುಮಾರು ಎರಡೂವರೆ ವರ್ಷ. ನಡವಳಿಕೆಯ ಬಗೆಯವರು ಎಂಟರ ಆಸುಪಾಸು. ಪದಗಳ ಅರ್ಥ ಕಳೆದುಕೊಳ್ಳುವವರು ಹನ್ನೆರಡು ವರ್ಷ. ಎರಡೂವರೆ ಮತ್ತು ಹನ್ನೆರಡು: ಈ ಅಂತರದ ಮುಂದೆ 50ಕ್ಕೆ ಬಂತೋ 68ಕ್ಕೆ ಬಂತೋ ಎಂಬುದು ಎರಡನೆಯ ಮಾತಾಗುತ್ತದೆ. ಕೈಯ ಹಿಡಿತ ಸಡಿಲವಾಗಿದೆಯೇ, ನುಂಗುವಾಗ ನೆತ್ತಿಗೆ ಹತ್ತುತ್ತದೆಯೇ, ನಾಲಿಗೆ ಅದುರುತ್ತದೆಯೇ ಎಂದು ನಾವು ಪ್ರತಿ ಭೇಟಿಯಲ್ಲೂ ನೋಡುವುದು ಇದಕ್ಕಾಗಿಯೇ. ಕೊನೆಗೆ ಹೆಚ್ಚಿನವರ ಸಾವಿಗೆ ಕಾರಣವಾಗುವುದು ನ್ಯುಮೋನಿಯಾ.

ವಯಸ್ಸು ಒಂದನ್ನೇ ಬೇರ್ಪಡಿಸಿ ಅಳೆಯಲು ಹೊರಟ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಅದಕ್ಕೆ ಕಾರಣಗಳೂ ಇವೆ. ಎಪ್ಪತ್ತೈದರ ರೋಗಿಯನ್ನು ಹೃದಯವೋ ಮೂತ್ರಪಿಂಡವೋ ಮೊದಲೇ ಕರೆದೊಯ್ಯಬಹುದು. ಅವರ ಆಯಸ್ಸು ಕಡಿಮೆಯಾದದ್ದಕ್ಕೆ ಎಫ್‌ಟಿಡಿಯನ್ನು ಹೊಣೆ ಮಾಡುವಂತಿಲ್ಲ. ಇನ್ನೊಂದು ಬದಿಯಲ್ಲಿ, ಎಫ್‌ಟಿಡಿಯಂತೆಯೇ ನಡೆದುಕೊಂಡರೂ ವರ್ಷಗಳು ಉರುಳಿದರೂ ಮುಂದುವರಿಯದ, ಸ್ಕ್ಯಾನ್ ಸರಿಯಾಗಿಯೇ ಉಳಿಯುವ ಒಂದು ಗುಂಪಿದೆ; ಅವರಲ್ಲಿ ಹೆಚ್ಚಿನವರು ಗಂಡಸರು. ಅವರನ್ನು ತಿಳಿಯದೆ ಯಾವ ವಯಸ್ಸಿನವರ ಲೆಕ್ಕಕ್ಕೆ ಸೇರಿಸಿಕೊಂಡರೂ ಆ ವಯಸ್ಸಿನವರ ಆಯಸ್ಸು ಸುಳ್ಳಾಗಿ ಉದ್ದವಾಗುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಕಿರಿಯರಿಗೆ ಬಂದರೆ ವೇಗ ಹೆಚ್ಚು ಎಂಬ ಸಾಮಾನ್ಯ ಅನುಭವವಿದೆ. ಅದನ್ನು ಹಾಗೆಯೇ ಎತ್ತಿ ಎಫ್‌ಟಿಡಿಗೆ ಹೊಂದಿಸುವುದು ತಪ್ಪು.

ಈ ಮಾತಿಗೆ ಗಟ್ಟಿ ಆಧಾರ ಜೀನ್ ದೋಷವಿರುವ ಕುಟುಂಬಗಳಿಂದ ಸಿಗುತ್ತದೆ. ಹಲವು ದೇಶಗಳ 1,492 ಕುಟುಂಬಗಳ 3,403 ಮಂದಿಯ ವಿವರಗಳನ್ನು ಕಲೆಹಾಕಿದ ವರದಿ 2020ರಲ್ಲಿ ಪ್ರಕಟವಾಯಿತು. ಎಂಎಪಿಟಿ ದೋಷವಿದ್ದವರಲ್ಲಿ ಕಾಯಿಲೆ ಸರಾಸರಿ 49.5ಕ್ಕೆ ಶುರುವಾಗಿ 9.3 ವರ್ಷ ನಡೆಯಿತು. ಸಿ9ಓಆರ್‌ಎಫ್72ರಲ್ಲಿ 58.2ಕ್ಕೆ ಶುರು, 6.4 ವರ್ಷ. ಜಿಆರ್‌ಎನ್‌ನಲ್ಲಿ 61.3ಕ್ಕೆ ಶುರು, 7.1 ವರ್ಷ. ಅತಿ ಚಿಕ್ಕ ವಯಸ್ಸಿನಲ್ಲಿ ಶುರುವಾಗುವ ಬಗೆಯೇ ಅತಿ ಹೆಚ್ಚು ಕಾಲ ನಡೆಯುತ್ತದೆ ಎಂಬುದನ್ನು ಗಮನಿಸಿ. ಹಾಗಾದರೆ ಎಂಎಪಿಟಿಯವರು ಅದೃಷ್ಟವಂತರೇ? ಅವರು ತೀರಿಕೊಂಡ ಸರಾಸರಿ ವಯಸ್ಸು 58.5, ಜಿಆರ್‌ಎನ್‌ನವರದು 68.8. ಕಾಯಿಲೆಯೊಂದಿಗೆ ಎರಡು ವರ್ಷ ಹೆಚ್ಚು ಬದುಕಿ, ಬಾಳಿನಲ್ಲಿ ಹತ್ತು ವರ್ಷ ಕಳೆದುಕೊಂಡರು. ಬದುಕುಳಿಯುವ ಅವಧಿ ಎಂದು ನಾವು ಹೇಳುವಾಗ ಈ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂದು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಸಾಲದ ಕಂತು, ಮಕ್ಕಳ ಓದು, ಹೆಂಡತಿಯ ಪಿಂಚಣಿ ಇವುಗಳ ಲೆಕ್ಕ ಹಾಕುವವರಿಗೆ ಬೇಕಾದ ಅಂಕಿ ಬೇರೆ. ಯಾರು ಎಷ್ಟು ವರ್ಷ ಜೊತೆಗಿದ್ದು ನೋಡಿಕೊಳ್ಳಬೇಕು ಎಂದು ಯೋಚಿಸುವವರಿಗೆ ಬೇಕಾದ ಅಂಕಿ ಬೇರೆ.

ಇನ್ನೂ ಒಂದು ಎಚ್ಚರಿಕೆ ಇದೆ. ಕೇಂಬ್ರಿಡ್ಜ್ ಮತ್ತು ಸಿಡ್ನಿಯ ವೈದ್ಯರು ಮರಣಾನಂತರದ ಪರೀಕ್ಷೆಯಿಂದ ದೃಢಪಟ್ಟ 61 ರೋಗಿಗಳ ಬಗ್ಗೆ 2003ರಲ್ಲಿ ಬರೆದ ಲೇಖನದಲ್ಲಿ, ಅರ್ಧದಷ್ಟು ಮಂದಿ ಲಕ್ಷಣ ಶುರುವಾದ ಆರು ವರ್ಷದೊಳಗೆ, ರೋಗನಿರ್ಣಯವಾದ ಮೂರು ವರ್ಷದೊಳಗೆ ತೀರಿಕೊಂಡಿದ್ದರು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಅದರ ಅರ್ಧ ದಾರಿ ಮುಗಿದಿರುತ್ತದೆ ಎಂದಾಯಿತು. ಮೂರು ಮತ್ತು ಆರರ ನಡುವಿನ ಈ ಮೂರು ವರ್ಷ ಮನೆಯವರ ನೆನಪಿನಲ್ಲಷ್ಟೇ ಇರುತ್ತದೆ. ಕೆಲಸ ಕಳೆದುಕೊಂಡ ದಿನ, ಜಗಳವಾದ ಹಬ್ಬ ಇಂಥ ಗುರುತುಗಳು ಕಿರಿಯರ ಮನೆಯಲ್ಲಿ ಹೆಚ್ಚು. ಅವರು ಹಿಂದಕ್ಕೆ ಹಿಂದಕ್ಕೆ ಹೋಗಿ ಆರಂಭವನ್ನು ಹುಡುಕುತ್ತಾರೆ. ಹಿರಿಯರ ಮನೆಯಲ್ಲಿ ‘ಹೋದ ವರ್ಷದಿಂದ ಸ್ವಲ್ಪ’ ಎನ್ನುತ್ತಾರೆ. ಕಾಯಿಲೆ ಒಂದೇ ವೇಗದಲ್ಲಿ ನಡೆದಿದ್ದರೂ ಕಾಗದದ ಮೇಲೆ ಕಿರಿಯರದು ಉದ್ದವಾಗಿ, ಹಿರಿಯರದು ಗಿಡ್ಡವಾಗಿ ಕಾಣಲು ಇಷ್ಟೇ ಸಾಕು.

ಶುರುವಾಗುವ ವಯಸ್ಸನ್ನು ಮುಂದೂಡಲು ಏನಾದರೂ ಮಾಡಬಹುದೇ? ನಮಗೆ ಹತ್ತಿರದ ಒಂದು ಸಂಶೋಧನೆಯನ್ನು ಹೇಳುತ್ತೇನೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು 2013ರಲ್ಲಿ ತೋರಿಸಿದರು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ವ್ಯತ್ಯಾಸ ಇತ್ತು. 2017ರಲ್ಲಿ ಎಫ್‌ಟಿಡಿಯವರನ್ನೇ ಪ್ರತ್ಯೇಕವಾಗಿ ನೋಡಿದಾಗ, ನಡವಳಿಕೆಯ ಬಗೆಯಲ್ಲಿ ಒಂದೇ ಭಾಷೆಯವರಿಗೆ 56.5ಕ್ಕೆ, ಎರಡು ಭಾಷೆಯವರಿಗೆ 62.6ಕ್ಕೆ ಲಕ್ಷಣಗಳು ಶುರುವಾಗಿದ್ದವು. ಮಾತು ಕೆಡುವ ಬಗೆಗಳಲ್ಲಿ ಈ ಲಾಭ ಕಾಣಲಿಲ್ಲ. ಒಂದು ಭಾಷೆಯನ್ನು ತಡೆದು ಇನ್ನೊಂದನ್ನು ಆಡುವ ಅಭ್ಯಾಸ, ವರ್ತನೆಯನ್ನು ತಡೆಹಿಡಿಯುವ ನರಜಾಲವನ್ನೇ ಬಲಪಡಿಸುತ್ತದೆ ಎಂಬುದು ಅವರ ಊಹೆಯ ತಿರುಳು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡಿ ಬೀದಿಯಲ್ಲಿ ಕನ್ನಡ ಆಡುವ ನಮ್ಮವರಿಗೆ ಇದು ಖುಷಿಯ ಸುದ್ದಿಯೇ. ಆದರೂ ಇದು ಭಾಷೆ ಕಲಿತರೆ ಕಾಯಿಲೆ ಬರುವುದಿಲ್ಲ ಎಂಬ ಮಾತಲ್ಲ. ಮೆದುಳಿನ ಹಾನಿ ಮೊದಲೇ ಶುರುವಾಗಿದ್ದು, ಹೊರಗೆ ಕಾಣುವುದು ಮಾತ್ರ ತಡವಾಗಿರುವ ಸಾಧ್ಯತೆ ಇದೆ; ಹಾಗಿದ್ದಲ್ಲಿ, ಕಂಡ ಮೇಲೆ ಉಳಿದ ದಾರಿ ಗಿಡ್ಡವಾಗಿರಲೂಬಹುದು.

ಕೊನೆಗೆ ಪ್ರಶ್ನೋತ್ತರದ ಸಮಯದಲ್ಲಿ 46 ವರ್ಷದ ಒಬ್ಬರು ಎದ್ದು ಕೇಳಿದರು: “ನಮ್ಮ ತಂದೆಗೆ 52ಕ್ಕೆ ಈ ಕಾಯಿಲೆ ಶುರುವಾಯಿತು. ಹಾಗಿದ್ದರೆ ನನಗೆ ಇನ್ನು ಆರು ವರ್ಷವೇ ಸರ್?”

ಉತ್ತರ ಹೀಗಿದೆ. ಎಫ್‌ಟಿಡಿ ಇರುವ ಹೆಚ್ಚಿನವರಲ್ಲಿ ಒಂದೇ ಜೀನಿನ ದೋಷ ಸಿಗುವುದಿಲ್ಲ. ಸಿಕ್ಕರೆ, ಪ್ರತಿ ಮಗುವಿಗೂ ಅದು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದ್ದರೂ ತಂದೆಯ ವಯಸ್ಸು ಮಗನ ಗಡುವಾಗುವುದಿಲ್ಲ. ಅದೇ 2020ರ ವರದಿಯಲ್ಲಿ, ಶುರುವಾಗುವ ವಯಸ್ಸಿನ ಏರುಪೇರಿನಲ್ಲಿ ಯಾವ ಕುಟುಂಬಕ್ಕೆ ಸೇರಿದವರು ಎಂಬುದರಿಂದ ವಿವರಿಸಬಹುದಾದ ಪಾಲು ಎಂಎಪಿಟಿಯಲ್ಲಿ ನೂರಕ್ಕೆ 66, ಸಿ9ಓಆರ್‌ಎಫ್72ರಲ್ಲಿ 17, ಜಿಆರ್‌ಎನ್‌ನಲ್ಲಿ ಬರೀ 14. ಅಂದರೆ ಎಂಎಪಿಟಿ ಮನೆತನದಲ್ಲಿ ಹಿರಿಯರ ವಯಸ್ಸು ಒಂದು ಮಟ್ಟಿಗೆ ಸುಳಿವಾಗುತ್ತದೆ. ಉಳಿದೆರಡರಲ್ಲಿ ಅದನ್ನು ನೆಚ್ಚಿಕೊಂಡು ದಿನ ಎಣಿಸುವುದಕ್ಕೆ ಆಧಾರವಿಲ್ಲ. ಜಿಆರ್‌ಎನ್ ದೋಷವಿದ್ದೂ ಎಪ್ಪತ್ತು ದಾಟಿ ಆರೋಗ್ಯವಾಗಿರುವವರಿದ್ದಾರೆ. ಟಿಎಂಇಎಂ106ಬಿ ಎಂಬ ಬೇರೊಂದು ಜೀನು ಅವರಲ್ಲಿ ಕೆಲವರನ್ನು ಕಾಯುತ್ತದೆ ಎಂದು 2010ರಿಂದ ಗೊತ್ತಾಗಿದೆ. ಪರೀಕ್ಷೆ ಮಾಡಿಸಬೇಕೇ ಎಂಬುದನ್ನು ಆಪ್ತಸಲಹೆ ಪಡೆದು, ಬೇಡವೆನ್ನುವ ಹಕ್ಕನ್ನೂ ಉಳಿಸಿಕೊಂಡು ನಿರ್ಧರಿಸಬೇಕು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದ ತಾಯಿ ಮೈಕಿಗೆ ಕೈ ಚಾಚಿದರು. “ಐವತ್ತೆರಡಲ್ಲ ಡಾಕ್ಟ್ರೇ. ಅದು ಆಸ್ಪತ್ರೆ ಚೀಟಿಯಲ್ಲಿರೋದು. ಇವನ ಅಕ್ಕನ ಮದುವೆಯಲ್ಲಿ, ಧಾರೆ ಎರೆಯೋ ಹೊತ್ತಿಗೆ, ಅವರು ಕೈಯಲ್ಲಿದ್ದ ಚೆಂಬು ಕೆಳಗಿಟ್ಟು ಊಟದ ಪಂಕ್ತಿಗೆ ಹೋಗಿ ಕೂತುಬಿಟ್ಟಿದ್ದರು. ಆಗ ಅವರಿಗೆ ನಲವತ್ತೆಂಟು. ಬೀಗರ ಮುಂದೆ ಮರ್ಯಾದೆ ಹೋಯಿತು ಅಂತ ನಾನು ಆರು ತಿಂಗಳು ಅವರ ಹತ್ತಿರ ಮಾತಾಡಿರಲಿಲ್ಲ.” ಮಗ ತಾಯಿಯ ಕಡೆಗೆ ತಿರುಗಿ ನೋಡಿದರು, ಅವರಿಗೂ ಇದು ಗೊತ್ತಿರಲಿಲ್ಲ. ನಾನು ಚೀಟಿಯಲ್ಲಿ ಬರೆದುಕೊಂಡಿದ್ದ 52ನ್ನು ಹೊಡೆದುಹಾಕಿ 48 ಎಂದು ಬರೆದುಕೊಂಡೆ.